ಪೂರ್ವಪಕ್ಷ ಹೇಳಿಸಿದ ಮೇಲೆಯೇ ಸಿದ್ಧಾಂತ: ಶಿರಸಿ ಸೀಮೆಯ ಸಂವಾದಗಳ ಅನುಭವ

ಶಿರಸಿಯ ಪಕ್ಕದ ಸೋಂದೆಯಲ್ಲಿ ಅದ್ವೈತದ ಸ್ವರ್ಣವಲ್ಲೀ ಮಠ, ದ್ವೈತದ ವಾದಿರಾಜ ಮಠ, ದಿಗಂಬರ ಜೈನರ ಸ್ವಾದಿ ಮಠ, ಮೂರೂ ಇವೆ. ಒಂದೇ ಪ್ರಶ್ನೆಗೆ ಮೂರು ದರ್ಶನಗಳ ಉತ್ತರ ಕೆಲವೇ ಮೈಲಿಯೊಳಗೆ ಸಿಗುವ ಸೀಮೆ ಇದು. ಇಲ್ಲಿ ವಿದ್ವಾಂಸರನ್ನು ಮಾತಾಡಿಸಿ ಬರೆಯುವಾಗ ನಾನು ಶಾಸ್ತ್ರದ ಕ್ರಮವನ್ನೇ ಹಿಡಿಯುತ್ತೇನೆ. ವೇದವಾಕ್ಯಗಳ ಅರ್ಥ ವಿಚಾರಿಸುವ ಮೀಮಾಂಸೆಯಲ್ಲಿ ಒಂದೊಂದು ಪ್ರಶ್ನೆಯ ಚರ್ಚೆಗೆ ಅಧಿಕರಣ ಎಂದು ಹೆಸರು. ಅದಕ್ಕೆ ಐದು ಅಂಗ: ವಿಷಯ, ಸಂಶಯ, ಪೂರ್ವಪಕ್ಷ (ಎದುರು ಪಕ್ಷದ ವಾದ), ಸಿದ್ಧಾಂತ (ತನ್ನ ನಿರ್ಣಯ), ಸಂಗತಿ (ಹಿಂದುಮುಂದಿನ ಚರ್ಚೆಗಳ ಜತೆ ಸಂಬಂಧ). ವಿಷಯ, ಸಂಶಯಗಳನ್ನು ನಾನು ಸಿದ್ಧಮಾಡಿಕೊಂಡು ಹೋಗುತ್ತೇನೆ. ಪೂರ್ವಪಕ್ಷವನ್ನು ಅವರ ಬಾಯಿಂದಲೇ ಹೇಳಿಸುತ್ತೇನೆ. ಅವರ ಸಿದ್ಧಾಂತ ಕೇಳುವುದು ಆಮೇಲೆ.

'ಅರಣ್ಯ ಹಕ್ಕಿನ ಬಗ್ಗೆ ತಮ್ಮ ಅಭಿಪ್ರಾಯ ಏನು?' ಎಂದು ಕೇಳಿದರೆ ಭಾಷಣ ಶುರುವಾಗುತ್ತದೆ, ಏಕೆಂದರೆ ಅದರಲ್ಲಿ ಸಂಶಯವೇ ಇಲ್ಲ. ಅದೇ ವಿಷಯವನ್ನು ಹೀಗೆ ಕಟ್ಟಬಹುದು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಪರಿಶಿಷ್ಟ ಪಂಗಡದವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷ, ಕಾಡನ್ನು ಅವಲಂಬಿಸಿ ಅಲ್ಲಿಯೇ ಇದ್ದರೆಂದು ತೋರಿಸಬೇಕು. ಸಿದ್ದಿಗಳು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದವರು, ಅವರಿಗೆ ಈ ಷರತ್ತಿಲ್ಲ. ಆ ಪಟ್ಟಿಯಲ್ಲಿಲ್ಲದ ಹಾಲಕ್ಕಿ ಒಕ್ಕಲಿಗರಿಗೆ ಇದೆ. 1930ರ ಕಾಗದ ಯಾರ ಮನೆಯ ಪೆಟ್ಟಿಗೆಯಲ್ಲಿ ಇರುತ್ತದೆ? 2008ರ ನಿಯಮಗಳ 13ನೇ ನಿಯಮ, ಅರ್ಜಿದಾರರಲ್ಲದ ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ ಎನ್ನುತ್ತದೆ. ತರ್ಕಶಾಸ್ತ್ರದ ನ್ಯಾಯಸೂತ್ರದಲ್ಲಿ 'ಆಪ್ತೋಪದೇಶಃ ಶಬ್ದಃ', ಅಂದರೆ ಆಪ್ತನ (ನಂಬಬಹುದಾದವನ) ಮಾತು ಶಬ್ದಪ್ರಮಾಣ, ಎಂದಿದೆ (1.1.7). ಹಾಗಾದರೆ ನೆರೆಮನೆಯ ಅಜ್ಜ ಆಪ್ತನೇ? ಕಂಡದ್ದನ್ನು ಕಂಡ ಹಾಗೆ ಹೇಳುವವನು ಆಪ್ತ ಎಂದಾದರೆ, ತಾನು ಹುಟ್ಟುವ ಮೊದಲಿನ ಸಂಗತಿ ಹೇಳುವಾಗ ಅವನ ಮಾತಿಗೆ ಬಲ ಎಷ್ಟು? ಇಂಥ ಪ್ರಶ್ನೆಗೆ ತರ್ಕಶಾಸ್ತ್ರದ ನೈಯಾಯಿಕರೂ ನೆಟ್ಟಗೆ ಕೂರುತ್ತಾರೆ, ವಕೀಲರೂ ಕೂರುತ್ತಾರೆ.

ಪೂರ್ವಪಕ್ಷ ಕೇಳುವ ಮಾತು ಸರಳವಾಗಿರಲಿ: 'ಶಾಸ್ತ್ರಿಗಳೇ, ಇದನ್ನು ಒಪ್ಪದವರ ವಾದವನ್ನು, ಅವರೇ ಎದುರಿಗಿದ್ದರೂ ಹೌದು ಎನ್ನುವ ಹಾಗೆ, ಒಮ್ಮೆ ಹೇಳಿ.' ಮೊದಲ ಸಲ ಸಾಮಾನ್ಯವಾಗಿ ದುರ್ಬಲ ರೂಪವೇ ಬರುತ್ತದೆ. ಅಲ್ಲಿಗೆ ಬಿಡಬಾರದು, 'ಅವರ ಅತಿ ಗಟ್ಟಿ ಯುಕ್ತಿ ಯಾವುದು?' ಎಂದು ಮತ್ತೆ ಕೇಳಬೇಕು. ತಾಳಮದ್ದಲೆಯಲ್ಲಿ ಅರ್ಥ ಹೇಳುವ ವಿದ್ವಾಂಸರಾದರೆ ಪೂರ್ವಪಕ್ಷ ತುಂಬಾ ಚೆನ್ನಾಗಿ ಬರುತ್ತದೆ. ಇಂದು ಕೃಷ್ಣ, ನಾಳೆ ಕೌರವ ಆಗಿ ರೂಢಿಯಿದ್ದವರು ಅವರು. ಆದರೆ ಅವರ ಜತೆ ಮಾತು ವಾದದಿಂದ, ಅಂದರೆ ಸತ್ಯ ತಿಳಿಯುವ ಮಾತಿನಿಂದ, ಜಲ್ಪಕ್ಕೆ, ಅಂದರೆ ಗೆಲ್ಲುವ ಮಾತಿಗೆ, ಬೇಗ ಜಾರುತ್ತದೆ. ಆಗ ನಾನು ಕೇಳುವುದು ಒಂದೇ: 'ಯಾವ ಪ್ರಮಾಣ ಸಿಕ್ಕಿದರೆ ತಾವು ಈ ನಿಲುವು ಬಿಡುತ್ತೀರಿ?' ಉತ್ತರಕ್ಕೆ ತಡವಾದರೆ ಸುಮ್ಮನಿರಬೇಕು. ಮೌನ ತುಂಬಲು ಹೋಗಿ ಮುಂದಿನ ಪ್ರಶ್ನೆ ಎತ್ತುವುದೇ ಈ ಕೆಲಸದ ದೊಡ್ಡ ದೋಷ ಎಂದು ನನ್ನ ಅಭಿಪ್ರಾಯ.

ಒಂದು ಕೂಟಕ್ಕೆ ಐದು ಪ್ರಶ್ನೆ ಧಾರಾಳ, ಒಂದೂವರೆ ಗಂಟೆ ಮಿತಿ. ವಿಷಯವನ್ನು ವಾರ ಮೊದಲೇ ಬರೆದು ಕಳಿಸುತ್ತೇನೆ, ಪ್ರಶ್ನೆಗಳನ್ನಲ್ಲ. ಪ್ರಶ್ನೆ ಕಳಿಸಿದರೆ ಉತ್ತರ ಓದಿ ಹೇಳಿದ ಹಾಗೆ ಆಗುತ್ತದೆ. ಅಡಿಕೆಯ ಕೊನೆಕೊಯ್ಲಿನ ದಿನಗಳಲ್ಲಿ ತೋಟದ ಮನೆಗೆ ಹೋಗುವುದು ಬೇಡ. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಧ್ವನಿಮುದ್ರಣ ಆಗುವುದೇ ಇಲ್ಲ, ಒಳಕೋಣೆ ಕೇಳಿಕೊಳ್ಳಬೇಕು.

ಬರೀ ಶಲ್ಯ ಹೊದ್ದವರಿಗೆ ಕಾಲರ್ ಮೈಕ್ ಸಿಕ್ಕಿಸಿದರೆ ರುದ್ರಾಕ್ಷಿ, ಜನಿವಾರ ತಾಗಿ ಸದ್ದು ಬರುತ್ತದೆ. ಮಡಿಸಿದ ಟವೆಲ್ ಮೇಲೆ ರೆಕಾರ್ಡರ್ ಇಟ್ಟು, ಬಾಯಿಂದ 30–40 ಸೆಂಟಿಮೀಟರ್ ದೂರಕ್ಕೆ ಸ್ಟೂಲ್ ಎಳೆದುಕೊಂಡರೆ ಸಾಕು. ಫ್ಯಾನ್ ಬಂದ್ ಮಾಡಿಸಿ. 48 ಕಿಲೋಹರ್ಟ್ಸ್, 24 ಬಿಟ್, ಮೋನೋದಲ್ಲಿ ಗಂಟೆಗೆ ಸುಮಾರು 520 ಎಂಬಿ ಬೇಕು. ಮೊಬೈಲಿನಲ್ಲಿ ಎರಡನೇ ಪ್ರತಿ ಇರಲೇಬೇಕು, ಅದನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಕವಳ (ಎಲೆಅಡಿಕೆ) ಹಾಕಿದ ಮೇಲೆ ಶ, ಷ, ಸ ಒಂದೇ ಆಗಿ ಕೇಳುತ್ತವೆ. ಸಂಸ್ಕೃತ ಉದ್ಧರಣೆ ಇರುವ ಪ್ರಶ್ನೆಗಳನ್ನು ಅದಕ್ಕೂ ಮೊದಲೇ ಮುಗಿಸಿಕೊಳ್ಳಿ.

ಒಂದು ಗಂಟೆಯ ಮಾತು ಬರಹಕ್ಕಿಳಿಯಲು ಐದಾರು ಗಂಟೆ ಹಿಡಿಯುತ್ತದೆ. ಉದ್ಧರಣೆ ತಾಳೆ ನೋಡುವ ಸಮಯ ಬೇರೆ, ಅದನ್ನು ಬಿಡುವ ಹಾಗಿಲ್ಲ. 'ವಸುಧೈವ ಕುಟುಂಬಕಮ್' ವೇದವಾಕ್ಯ ಎಂದು ಬಹಳ ಜನ ಹೇಳುತ್ತಾರೆ. ಅದು ಮಹೋಪನಿಷತ್ತಿನಲ್ಲಿದೆ, ಹಿತೋಪದೇಶದಲ್ಲೂ ಇದೆ. ಹಿತೋಪದೇಶದಲ್ಲಿ ಆ ಶ್ಲೋಕ ಹೇಳುವುದು ಜಿಂಕೆಯ ಮಾಂಸಕ್ಕಾಗಿ ಅದರ ಸ್ನೇಹ ಮಾಡಿದ ನರಿ. ಯಾವ ಆಕರದಿಂದ ಎತ್ತಿದ್ದು ಎಂಬುದರ ಮೇಲೆ ವಾದದ ತೂಕವೇ ಬದಲಾಗುತ್ತದೆ. ಅಧ್ಯಾಯ, ಸೂತ್ರಸಂಖ್ಯೆ ಸಿಗದ ಉದ್ಧರಣೆಯನ್ನು ಫೋನ್ ಮಾಡಿ ಕೇಳುತ್ತೇನೆ. ಆಗಲೂ ಸಿಗದಿದ್ದರೆ 'ಅವರು ಹೇಳಿದಂತೆ' ಎಂದು ಸೇರಿಸಿಯೇ ಬರೆಯುತ್ತೇನೆ.

ಬರಹವನ್ನು ಅವರಿಗೆ ಓದಿ ಹೇಳುವಾಗ ಆಡಿದ ಮಾತನ್ನು ತಿದ್ದುವ, ಬಿಡಿಸಿ ಹೇಳುವ ಹಕ್ಕು ಅವರದ್ದು. ಕೇಳದ ಪ್ರಶ್ನೆಗೆ ಹೊಸ ಉತ್ತರ ಸೇರಿಸಿದರೆ ದಿನಾಂಕ ಹಾಕಿ ಟಿಪ್ಪಣಿಯಾಗಿ ಕೆಳಗೆ ಕೊಡುತ್ತೇನೆ. ಜಾಗ ಸಾಲದೆ ಕತ್ತರಿಸಬೇಕಾದಾಗ ನನ್ನ ಪ್ರಶ್ನೆಗಳನ್ನು ಮೊಟಕುಮಾಡುತ್ತೇನೆ, ಆಮೇಲೆ ಉದಾಹರಣೆಗಳನ್ನು. ಪೂರ್ವಪಕ್ಷದ ಒಂದು ಸಾಲೂ ಮುಟ್ಟುವುದಿಲ್ಲ. ಅದು ಹೋದರೆ ಅವರು ಯಾವ ಆಕ್ಷೇಪಕ್ಕೆ ಉತ್ತರ ಕೊಡುತ್ತಿದ್ದಾರೆ ಎಂಬುದು ಓದುವವರಿಗೆ ತಿಳಿಯುವುದೇ ಇಲ್ಲ.