ಬ್ರೇಕರ್‌ನ ಖಾಲಿ ಹೊಡೆತ: ನನ್ನ ಅನುಭವ

ಅಗೆಯೋ ಮೆಷಿನ್ ತೋಳಿಗೆ ಕಟ್ಟಿ ಕಾಂಕ್ರೀಟ್ ಒಡೆಯೋ ಬ್ರೇಕರ್ ಓಡಿಸೋಕೆ ಕೂತ ಮೊದಲ ವಾರ. ಸ್ಲ್ಯಾಬ್ ಒಡೆದು ಚಿಸೆಲ್ (ಬ್ರೇಕರ್ ತುದಿಯ ಉಕ್ಕಿನ ಉಳಿ) ಕೆಳಗಿಳಿದರೂ ನಾನು ಪೆಡಲ್ ಮೇಲಿನ ಕಾಲು ತೆಗೆದಿರಲಿಲ್ಲ. "ಕಾಲು ತೆಗಿಯೋ, ಖಾಲಿ ಹೊಡೀತಿದೆ!" ಅಂತ ಹಿರಿಯ ಆಪರೇಟರ್ ಕೂಗಿದರು. ಬ್ಲ್ಯಾಂಕ್ ಫೈರಿಂಗ್, ಅಂದರೆ ಚಿಸೆಲ್ ಕೆಳಗೆ ಒಡೆಯೋಕೆ ಏನೂ ಇಲ್ಲದೆ ಹೊಡೆಯೋದು, ಇದೇ ಅಂತ ನನಗೆ ಗೊತ್ತಾಗಿದ್ದು ಆವತ್ತು.

ಬ್ರೇಕರ್ ಒಳಗೆ ಪಿಸ್ಟನ್ ಇರುತ್ತದೆ. ಅದು ಎಣ್ಣೆಯ ಒತ್ತಡ ಮತ್ತು ಮೇಲ್ಭಾಗದ ನೈಟ್ರೋಜನ್ ಗ್ಯಾಸ್ ಬಲದಿಂದ ಚಿಸೆಲ್ ತಲೆಗೆ ಹೊಡೆಯುತ್ತದೆ. ಕೆಳಗೆ ಕಾಂಕ್ರೀಟ್ ಇದ್ದರೆ ಆ ಪೆಟ್ಟು ಅದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಚಿಸೆಲ್ ಹಿಡಿದಿರೋ ಪಿನ್ನು, ಬುಶ್ಶು, ಉದ್ದ ಬೋಲ್ಟುಗಳೇ ಪೆಟ್ಟು ತಿನ್ನಬೇಕು. ನನ್ನ ಕೈಯಲ್ಲೇ ಒಂದು ಪಿನ್ ಹೋಗಿದೆ. ಬಿಚ್ಚಿ ನೋಡಿದರೆ ಚಿಸೆಲ್ ಬಡಿದ ಕಡೆ ಅಂಚು ಸುರುಳಿ ಎದ್ದು, ನಡುವೆ ಸೀಳು ಬಿಟ್ಟಿತ್ತು. ಅದನ್ನು ಹೊಡೆದು ಹೊರಗೆ ತೆಗೆಯೋಕೆ ಅರ್ಧ ದಿನ ಹಿಡಿಯಿತು.

ಈಗ ನಾನು ಕಣ್ಣಿಗಿಂತ ಕಿವಿಯನ್ನೇ ಜಾಸ್ತಿ ನಂಬುತ್ತೇನೆ. ಕಾಂಕ್ರೀಟ್ ಗಟ್ಟಿಯಾಗಿರೋ ತನಕ ಸದ್ದು ದಪ್ಪಗೆ, ದಡ್ ದಡ್ ಅಂತ ಬರುತ್ತದೆ. ಬಿರುಕು ಬಿಟ್ಟ ಕೂಡಲೇ ಅದು ಠಣ್ ಅಂತ ಕಬ್ಬಿಣದ ಸದ್ದಾಗುತ್ತದೆ, ಆಗಲೇ ಕಾಲು ಮೇಲೆ ಬಂದಿರಬೇಕು, ತುಂಡು ಬೀಳೋದನ್ನ ನೋಡುತ್ತಾ ಕೂತರೆ ಅಷ್ಟರಲ್ಲಿ ಹತ್ತು ಪೆಟ್ಟು ಖಾಲಿ ಹೋಗಿರುತ್ತದೆ. ಶುರು ಮಾಡುವಾಗಲೂ ಅಷ್ಟೇ. ಚಿಸೆಲ್ ನೇರವಾಗಿ ಊರಿ, ಮೆಷಿನ್ ಮುಂಭಾಗ ಸ್ವಲ್ಪ ಹಗುರಾಗೋ ತನಕ ಬೂಮ್ (ಮೆಷಿನ್ ತೋಳು) ಕೆಳಗೆ ಒತ್ತಿ, ಆಮೇಲೆ ಪೆಡಲ್. ಓರೆಯಾಗಿ ಊರಿದರೆ ಜಾರುತ್ತದೆ, ಜಾರಿದರೆ ಮತ್ತೆ ಖಾಲಿ ಹೊಡೆತ.

ಸ್ಲ್ಯಾಬಿನ ನಡುವೆ ಹೊಡೆಯೋದಕ್ಕಿಂತ ಅಂಚಿನಿಂದ ಶುರು ಮಾಡಿ, ಬೇಗ ಒಡೆಯುತ್ತದೆ. ಒಂದೇ ಜಾಗದಲ್ಲಿ 15ರಿಂದ 30 ಸೆಕೆಂಡ್ ಹೊಡೆದೂ ಒಡೆಯದಿದ್ದರೆ ಜಾಗ ಬದಲಿಸಿ. ಸುಮ್ನೆ ಹೊಡೀತಾ ಇದ್ದರೆ ಚಿಸೆಲ್ ತುದಿ ಕಾದು ಮೆತ್ತಗಾಗುತ್ತದೆ. ಚಿಸೆಲ್‌ನಿಂದ ಮೀಟೋದಂತೂ ಬೇಡವೇ ಬೇಡ.

ಗ್ರೀಸ್ ಹಾಕುವಾಗಲೂ ಚಿಸೆಲ್ ನೆಲಕ್ಕೆ ಊರಿ ಮೇಲಕ್ಕೆ ಒತ್ತಿರಬೇಕು. ನೇತಾಡಿಸಿಕೊಂಡು ಹಾಕಿದರೆ ಗ್ರೀಸ್ ಪಿಸ್ಟನ್ ಮತ್ತು ಚಿಸೆಲ್ ನಡುವೆ ತುಂಬಿಕೊಳ್ಳುತ್ತದೆ, ಮೊದಲ ಹೊಡೆತಕ್ಕೇ ಸೀಲ್ ಹೋಗಬಹುದು.