ನೆಕ್ ಬಾಗಿದ ಗಿಟಾರ್ ನನಗಿರಲಿ

“ನೆಕ್ ಬಾಗಿದೆ ತಮಾ, ಬಾರಿಸೂಕೆ ಆಗೂದಿಲ್ಲ.” ಹಳೆ ಗಿಟಾರ್ ಕೇಳಿಕೊಂಡು ಹೋದಾಗ ಜಾಸ್ತಿ ಕೇಳಿಬರುವ ಮಾತು ಇದು. ನೆಕ್ ಅಂದರೆ ತಂತಿಗಳು ಹಾದುಹೋಗುವ ಉದ್ದನೆಯ ಕತ್ತು. ನನಗೆ ಒಳ್ಳೆಯದೇ ಆಯ್ತು. ನಾನು ನುಡಿಸುವುದು ಹವಾಯಿಯನ್ ರೀತಿಯಲ್ಲಿ. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಸ್ಟೀಲ್ ಬಾರ್ ಜಾರಿಸುತ್ತೇನೆ. ತಂತಿಯನ್ನು ಫ್ರೆಟ್‌ಗೆ, ಅಂದರೆ ನೆಕ್ ಮೇಲಿನ ಲೋಹದ ಅಡ್ಡಗೆರೆಗೆ, ಒತ್ತುವ ಪ್ರಶ್ನೆಯೇ ಇಲ್ಲ. ಫ್ರೆಟ್ ಸವೆದಿದ್ದರೂ ಚಿಂತೆಯಿಲ್ಲ, ಅದು ಬರೀ ಗುರುತಿನ ಗೆರೆ. ನೆಕ್ ತುದಿಯಲ್ಲಿ ತಂತಿ ಆನುವ ತುಂಡಿನ (ನಟ್) ಮೇಲೆ ಎತ್ತರದ ಎಕ್ಸ್‌ಟೆನ್ಷನ್ ನಟ್ ಕೂರಿಸಿ ತಂತಿ ಮೇಲೆತ್ತಿದರೆ, ಮೂಲೆ ಸೇರಿದ ಗಿಟಾರೂ ಹವಾಯಿಯನ್ ಆಗುತ್ತದೆ.

ಕಾರವಾರದಲ್ಲಿ ಇರುವುದರಿಂದ ಹುಡುಕಾಟ ಸುಲಭ. ಸದಾಶಿವಗಡ ದಾಟಿದರೆ ಗೋವಾ, ರೈಲು ಹತ್ತಿದರೆ ಮಡಗಾಂವ್. ನನಗೆ ಸಿಕ್ಕವುಗಳಲ್ಲಿ ಹೆಚ್ಚಿನವು ಕೋಲ್ಕತಾದಲ್ಲಿ ಮಾಡಿದವು. ಅದಕ್ಕೆ ಹಿನ್ನೆಲೆ ಇದೆ. 19ನೇ ಶತಮಾನದ ಕೊನೆಯಲ್ಲಿ ಈ ಶೈಲಿಯನ್ನು ಬೆಳೆಸಿದವನು ಜೋಸೆಫ್ ಕೆಕುಕು ಎಂಬ ಹವಾಯಿಯ ಹುಡುಗ. 1940ರ ದಶಕದಲ್ಲಿ ಟಾವು ಮೋ ಎಂಬ ಹವಾಯಿಯನ್ ಗಿಟಾರ್ ಕಲಾವಿದರು ಕೋಲ್ಕತಾದಲ್ಲಿ ನೆಲೆಸಿ ನುಡಿಸಿದರು, ಕಲಿಸಿದರು. ಬ್ರಿಜ್ ಭೂಷಣ್ ಕಾಬ್ರಾ ಇದೇ ವಾದ್ಯದಲ್ಲಿ ರಾಗ ನುಡಿಸಿ ಹೆಸರು ಮಾಡಿದರು.

ಕೊಳ್ಳುವಾಗ ನಾನು ನೋಡುವುದು ಬ್ರಿಡ್ಜ್, ಅಂದರೆ ಹಲಗೆಗೆ ಅಂಟಿಸಿದ, ತಂತಿಗಳ ಬುಡ ಹಿಡಿದಿಡುವ ಮರದ ತುಂಡು. ವಿಸಿಟಿಂಗ್ ಕಾರ್ಡಿನ ತುದಿ ಅದರ ಅಡಿಗೆ ನುಗ್ಗಿದರೆ ಅಂಟು ಬಿಡುತ್ತಿದೆ ಎಂದೇ ಅರ್ಥ. ಬ್ರಿಡ್ಜ್ ಹಿಂದಿನ ಹಲಗೆ ಉಬ್ಬಿದೆಯಾ ನೋಡಬೇಕು. ಬೆರಳಲ್ಲಿ ತಟ್ಟಿದಾಗ ಒಳಗೆ ಪಟಪಟ ಅಂದರೆ ಯಾವುದೋ ಪಟ್ಟಿ ಕಳಚಿದೆ. ನೆಕ್ ಬಾಗಿದ್ದರೆ ಸರಿ, ಬುಡದಲ್ಲೇ ಅಲುಗಾಡಿದರೆ ಬೇಡ.

ಇನ್ನು ಶ್ರುತಿ. ಹಳೆ ಪುಸ್ತಕಗಳಲ್ಲಿ ಎ ಶ್ರುತಿ ಕೊಟ್ಟಿರುತ್ತಾರೆ (ಎ, ಸಿ, ಇ ಎಲ್ಲ ಪಾಶ್ಚಾತ್ಯ ಸ್ವರಗಳ ಹೆಸರು). ದಪ್ಪ ತಂತಿಯಿಂದ ಹೇಳುವುದಾದರೆ ಇ–ಎ–ಇ–ಎ–ಸಿ ಶಾರ್ಪ್–ಇ. ಸಾಮಾನ್ಯ ಶ್ರುತಿಯಿಂದ (ಇ–ಎ–ಡಿ–ಜಿ–ಬಿ–ಇ) ಅಲ್ಲಿಗೆ ಹೋಗಲು ನಡುವಿನ ಮೂರು ತಂತಿಗಳನ್ನು ಬಿಗಿ ಮಾಡಬೇಕು. ಮುದಿ ಹಲಗೆಗೆ ಆ ಎಳೆತ ಯಾಕೆ? ನಾನು ಜಿ ಶ್ರುತಿಯಲ್ಲೇ ಇಡುತ್ತೇನೆ: ಡಿ–ಜಿ–ಡಿ–ಜಿ–ಬಿ–ಡಿ. ಇದಕ್ಕೆ ಮೂರು ತಂತಿ ಸಡಿಲ ಮಾಡಿದರೆ ಸಾಕು, ಯಾವುದನ್ನೂ ಬಿಗಿ ಮಾಡಬೇಕಿಲ್ಲ. ಜಿ ಅನ್ನೇ ಷಡ್ಜ ಮಾಡಿಕೊಂಡರೆ ಭಜನೆ, ನಾಟ್ಯಗೀತೆ ಎಲ್ಲ ಕೂರುತ್ತವೆ. ಮೀಂಡ್, ಅಂದರೆ ಸ್ವರದಿಂದ ಸ್ವರಕ್ಕೆ ಜಾರುವುದು, ಅಂತೂ ಈ ವಾದ್ಯಕ್ಕೆ ಹುಟ್ಟುಗುಣ.

ಸಾಮಾನ್ಯ ಗಿಟಾರ್ ಕಲಿತು ಬಂದವರು ಬಾರನ್ನು ಫ್ರೆಟ್‌ನ ಹಿಂದೆ ಇಡುತ್ತಾರೆ. ಆಗ ಸ್ವರ ಇಳಿಯುತ್ತದೆ. ಅದು ಗೆರೆಯ ನೇರ ಮೇಲೆ ಇರಬೇಕು, ಒತ್ತದೆ, ತನ್ನ ಭಾರದಲ್ಲೇ. ಅದರ ಹಿಂದೆ ಉಂಗುರ ಬೆರಳು, ಕಿರುಬೆರಳು ತಂತಿಗೆ ತಾಗುತ್ತಾ ಹಿಂಬಾಲಿಸಿದರೆ ಗುಂಯ್ ಎನ್ನುವ ಬೇಡದ ಸದ್ದು ನಿಲ್ಲುತ್ತದೆ.

ನಿಜವಾದ ಶತ್ರು ನಮ್ಮ ಮಳೆಗಾಲ. ಹಳೆ ವಾದ್ಯಗಳಲ್ಲಿ ಪ್ರಾಣಿಗಳ ಚರ್ಮದಿಂದ ಮಾಡಿದ ಅಂಟು ಇದ್ದರೆ ತೇವಕ್ಕೆ ಅದು ಮೆತ್ತಗಾಗುತ್ತದೆ. ಜೂನ್ ಬಂತೆಂದರೆ ತಂತಿ ಸಡಿಲ ಮಾಡಿ ಕಪಾಟಿನಲ್ಲಿ ಇಡುತ್ತೇನೆ. ಕೆಳಗೆ, ಮರಕ್ಕೆ ಬಿಸಿ ತಾಗದಷ್ಟು ದೂರದಲ್ಲಿ, ಒಂದು ಸಣ್ಣ ಹಳೆ ಕಾಲದ ಬಲ್ಬ್. ಎಲ್‌ಇಡಿಗೆ ಆ ಶಾಖ ಬರುವುದಿಲ್ಲ. ಬೇಸಿಗೆಯಲ್ಲೂ ನುಡಿಸಿದ ಮೇಲೆ ತಂತಿ ಒರೆಸಲೇಬೇಕು, ಉಪ್ಪುಗಾಳಿ ಬಿಡುವುದಿಲ್ಲ. ಬ್ರಿಡ್ಜ್ ಎದ್ದರೆ ಫೆವಿಕಾಲ್ ಮುಟ್ಟಬೇಡಿ. ಹಳೆ ಅಂಟನ್ನು ಬಿಸಿ ಮಾಡಿ ಬಿಡಿಸಬಹುದು. ಅದರ ಮೇಲೆ ಫೆವಿಕಾಲ್ ಮೆತ್ತಿದರೆ ಮುಂದಿನ ರಿಪೇರಿ ಕಷ್ಟ.

ಅಮೆರಿಕದಲ್ಲಿ 1920ರ ದಶಕದಲ್ಲಿ ಮಾಡಿದ ವೈಸೆನ್‌ಬಾರ್ನ್ ಎಂಬ ಹವಾಯಿಯನ್ ಗಿಟಾರ್‌ಗಳ ಆಸೆ ನನಗೂ ಇದೆ, ಆದರೆ ಅವು ಶ್ರೀಮಂತರ ಸಂಗ್ರಹ. ನುಡಿಸಲಾಗದ ಗಿಟಾರನ್ನು ಚಂದಕ್ಕೆ ಗೋಡೆಗೆ ತೂಗುಹಾಕುವುದೂ ನನಗೆ ಸರಿಬರುವುದಿಲ್ಲ. ಅದರ ತಂತಿ ಬಿಗಿಯುವ ಕೀಲಿ, ನಟ್ ಬಿಚ್ಚಿಟ್ಟುಕೊಳ್ಳುತ್ತೇನೆ. ಮುಂದಿನ ಗಿಟಾರ್‌ಗೆ ಅವು ಬೇಕೇ ಬೇಕಾಗುತ್ತವೆ.