ಸಾಹಿತ್ಯ ತೆಗೆದರೆ ಎರಡನೇ ಚರಣದ ಗತಿಯೇನು? ಆರ್ಕೆಸ್ಟ್ರಾ ಆಲ್ಬಮ್ ಮಾಡಿದ ಅನುಭವ

ಪಾಪ್ ಹಾಡು ಕಟ್ಟುವವರು ಆರ್ಕೆಸ್ಟ್ರಾಗೆ ಬರೆಯಲು ಕೂತಾಗ ಮೊದಲು ಕೈಕೊಡುವುದು ಎರಡನೇ ಚರಣ. ಹಾಡಿನಲ್ಲಿ ಅದೇ ಮಟ್ಟು ಮತ್ತೆ ಬಂದರೂ ಬೇಸರವಾಗುವುದಿಲ್ಲ, ಯಾಕೆಂದರೆ ಸಾಹಿತ್ಯ ಹೊಸದು. ಸಾಹಿತ್ಯ ಹೋದರೆ ಕೇಳಿದ್ದೇ ಮತ್ತೆ ಕೇಳಿಸುತ್ತದೆ. ನನ್ನ ಆಲ್ಬಮ್ ಬಹುಪಾಲು ವಾದ್ಯಸಂಗೀತವೇ ಆದ್ದರಿಂದ ಹೆಚ್ಚಿನ ಶ್ರಮ ಹೋದದ್ದು ಇಲ್ಲಿಗೇ. ಬರೀ ವಾದ್ಯ ಬದಲಿಸಿದರೆ ಸಾಲದು. ಮೊದಲ ಚರಣ ಕ್ಲಾರಿನೆಟ್‌ನದ್ದಾದರೆ, ಎರಡನೆಯದರಲ್ಲಿ ಮಟ್ಟನ್ನು ತಗ್ಗು ದನಿಯ ತಂತಿವಾದ್ಯ ಚೆಲ್ಲೋಗೆ ಇಳಿಸಿ, ಮೇಲೆ ವಯಲಿನ್‌ಗಳಿಗೆ ಬೇರೆಯೇ ಒಂದು ಮಟ್ಟು ಬರೆಯುತ್ತೇನೆ. ಆಗಲೂ ಎಳೆದಂತೆ ಕೇಳಿಸಿದರೆ ಎಂಟು ಬಾರ್‌ಗಳನ್ನು (ತಾಳದ ಆವರ್ತನದಂಥ ಭಾಗಗಳನ್ನು) ಆರಕ್ಕೆ ಇಳಿಸಿ ಪಲ್ಲವಿಯನ್ನು ಬೇಗ ತರುತ್ತೇನೆ.

ಒಂದೇ ಸ್ವರದ ಮೇಲೆ ಐದಾರು ಅಕ್ಷರ ಹೇಳುವ ಸಾಲುಗಳದ್ದೂ ಇದೇ ಪಾಡು. ಹಾಡುವಾಗ ಅಕ್ಷರಗಳೇ ಲಯ ಕೊಡುತ್ತವೆ. ವಯಲಿನ್‌ನಲ್ಲಿ ಅದು ಜಂಟಿ ವರಸೆಯ ಅಭ್ಯಾಸದಂತಿರುತ್ತದೆ. ಅಲ್ಲಿ ಮಟ್ಟಿಗೆ ಒಂದೇ ದೀರ್ಘ ಸ್ವರ ಕೊಟ್ಟು, ಅಕ್ಷರಗಳ ಲಯವನ್ನು ವಿಯೋಲಗಳ (ವಯಲಿನ್‌ಗಿಂತ ತುಸು ದೊಡ್ಡ, ತಗ್ಗು ದನಿಯ ವಾದ್ಯ) ಪಿಜ್ಜಿಕಾಟೋಗೆ, ಅಂದರೆ ಬೆರಳಿನಿಂದ ತಂತಿ ಮೀಟುವುದಕ್ಕೆ, ದಾಟಿಸುತ್ತೇನೆ.

ಗಿಟಾರ್‌ನಲ್ಲಿ ಹುಟ್ಟಿದ ಹಾಡು ಇ ಮೇಜರ್‌ನಲ್ಲಿದ್ದರೆ ಬಿ ಫ್ಲ್ಯಾಟ್ ಕ್ಲಾರಿನೆಟ್ ವಾದಕರ ಮುಂದೆ ಆರು ಶಾರ್ಪ್‌ಗಳ (ಅರ್ಧ ಸ್ವರ ಏರಿಸುವ ಚಿಹ್ನೆಗಳ) ಹಾಳೆ ಬರುತ್ತದೆ, ಯಾಕೆಂದರೆ ಕ್ಲಾರಿನೆಟ್ ಬರೆದದ್ದಕ್ಕಿಂತ ಕೆಳಗೆ ನುಡಿಯುತ್ತದೆ, ಹಾಗಾಗಿ ಮೇಲೇರಿಸಿ ಬರೆಯಬೇಕು. ಎ ಕ್ಲಾರಿನೆಟ್‌ಗೆ ಬರೆದರೆ ಒಂದೇ ಶಾರ್ಪ್. ಸಾಧ್ಯವಾದರೆ ಡಿ ಮೇಜರ್‌ಗೆ ಇಳಿಸುವುದು ಇನ್ನೂ ಒಳ್ಳೆಯದು. ವಯಲಿನ್‌ನ ಬಿಡಿ ತಂತಿಗಳಾದ ಜಿ, ಡಿ, ಎ, ಇ ನಾಲ್ಕೂ ಆ ಸ್ಕೇಲ್‌ನೊಳಗೇ ಬರುವುದರಿಂದ ನಾದ ತುಂಬಿಕೊಳ್ಳುತ್ತದೆ.

ತಂತಿವಾದ್ಯಗಳಿಗೆ ನಾನು ಇಟ್ಟುಕೊಂಡ ಲೆಕ್ಕ: ಮೊದಲ ವಯಲಿನ್ 8, ಎರಡನೇ ವಯಲಿನ್ 6, ವಿಯೋಲ 4, ಚೆಲ್ಲೋ 4, ಡಬಲ್ ಬಾಸ್ 2. ಈ ಗಾತ್ರದಲ್ಲಿ ನಾಲ್ಕು ವಿಯೋಲಗಳನ್ನು ಎರಡೆರಡಾಗಿ ಒಡೆದು ಬೇರೆ ಬೇರೆ ಸ್ವರ ಕೊಡಬಾರದು. ಇಬ್ಬರು ಒಂದೇ ಸ್ವರ ನುಡಿಸುವಾಗ ಶ್ರುತಿಯ ಸಣ್ಣ ವ್ಯತ್ಯಾಸವೂ ಎದ್ದು ಕಾಣುತ್ತದೆ, ಮೂವರಾದರೆ ಬೆರೆತುಹೋಗುತ್ತದೆ. ಹಾಗಾಗಿ ಒಡೆಯುವುದಿದ್ದರೆ ಎರಡನೇ ವಯಲಿನ್‌ಗಳನ್ನೇ ಒಡೆಯುತ್ತೇನೆ. ಕೀಬೋರ್ಡ್‌ನ ಎಡಗೈ ಕಾರ್ಡ್‌ಗಳನ್ನು ಹಾಗೇ ಚೆಲ್ಲೋ, ಬಾಸ್‌ಗಳಿಗೆ ಹಂಚುವುದೂ ಬೇಡ, ಕೆಳಗಿನ ಸ್ವರಗಳು ಕಲಸಿಹೋಗುತ್ತವೆ. ಕೆಳಗೆ ಷಡ್ಜ, ಪಂಚಮ ಸಾಕು, ಗಾಂಧಾರ ವಿಯೋಲಕ್ಕೆ.

ಕಂಪ್ಯೂಟರ್ ಡೆಮೊದಲ್ಲಿ ಫ್ಲೂಟ್‌ನ ಕೆಳ ಸಪ್ತಕ ಚೆನ್ನಾಗಿ ಕೇಳಿಸುತ್ತದೆ, ಏಕೆಂದರೆ ಅದರ ವಾಲ್ಯೂಮ್ ನಮ್ಮ ಕೈಯಲ್ಲಿರುತ್ತದೆ. ಕೋಣೆಯಲ್ಲಿ ಇಪ್ಪತ್ತನಾಲ್ಕು ತಂತಿವಾದ್ಯಗಳ ಮುಂದೆ ಅದು ಮುಳುಗುತ್ತದೆ. ಫ್ಲೂಟ್ ಕೆಳಗಿಳಿದಾಗ ಉಳಿದವರನ್ನು ತೆಳುವಾಗಿಸಬೇಕು. ಉಸಿರಿಗೆ ಜಾಗ ಬಿಟ್ಟಿದ್ದೀರಾ ಎಂದು ನೋಡಲು ಮಟ್ಟನ್ನು ನೀವೇ ಹಾಡಿ ನೋಡಿ.

ದನಿಯಿರುವ ಟ್ರ್ಯಾಕ್‌ಗಳಲ್ಲಿ ಗಾಯಕರ ಸ್ವರವ್ಯಾಪ್ತಿಯನ್ನು ಬೇರೆ ವಾದ್ಯಗಳಿಂದ ಖಾಲಿ ಮಾಡುತ್ತೇನೆ, ಮುಖ್ಯವಾಗಿ ಓಬೋದಿಂದ.

ಹಾಳೆಗಳ ವಿಷಯದಲ್ಲಿ ಜಿಪುಣತನ ಸಲ್ಲದು. ತಂತಿವಾದಕರು ಇಬ್ಬರಿಗೆ ಒಂದು ಸ್ಟ್ಯಾಂಡ್‌ನಂತೆ ಕೂರುತ್ತಾರೆ. ಪುಟದ ಕೊನೆಯಲ್ಲಿ ವಿರಾಮವಿಲ್ಲದಿದ್ದರೆ ಒಬ್ಬರು ನುಡಿಸುವುದನ್ನು ನಿಲ್ಲಿಸಿ ಪುಟ ತಿರುವಬೇಕು, ವಿಭಾಗದ ಅರ್ಧ ನಾದವೇ ಆ ಕ್ಷಣ ಮಾಯ. ಪ್ರತಿ ಸಾಲಿಗೂ ಬಾರ್ ಸಂಖ್ಯೆ ಹಾಕಿ. ಇಪ್ಪತ್ತು ಬಾರ್ ಸುಮ್ಮನಿದ್ದು ಒಳಬರುವ ಹಾರ್ನ್‌ಗೆ, ಅದಕ್ಕೆ ಮುಂಚೆ ಕೇಳುವ ವಾದ್ಯದ ಎರಡು ಬಾರ್‌ಗಳನ್ನು ಸಣ್ಣ ಅಕ್ಷರದಲ್ಲಿ ತೋರಿಸಿ.

ರೆಕಾರ್ಡಿಂಗ್‌ಗೆ ವಾದ್ಯವೃಂದ ನಡೆಸುವ ನಿರ್ವಾಹಕರ (ಕಂಡಕ್ಟರ್) ತಲೆಯ ಮೇಲೆ, ನೆಲದಿಂದ ಸುಮಾರು 3 ಮೀಟರ್ ಎತ್ತರದಲ್ಲಿ ಮೂರು ಓಮ್ನಿ (ಎಲ್ಲ ದಿಕ್ಕಿನಿಂದಲೂ ಸದ್ದು ಹಿಡಿಯುವ) ಮೈಕ್‌ಗಳ ಡೆಕ್ಕಾ ಟ್ರೀ ಎಂಬ ತ್ರಿಕೋನ ಜೋಡಣೆ. ಒಟ್ಟು ನಾದ ಅದರದ್ದೇ. ಹತ್ತಿರದ ಮೈಕ್‌ಗಳು ಬರೀ ಆಸರೆಗೆ. ವಾದಕರಿಗೆ ಹೆಡ್‌ಫೋನ್‌ನಲ್ಲಿ ತಾಳ ಕೊಡುವ ಕ್ಲಿಕ್ ಟ್ರ್ಯಾಕನ್ನು ಒಂದೇ ಟೆಂಪೊದಲ್ಲಿ ಬಿಡದೆ, ಸಾಲು ಮುಗಿಯುವಲ್ಲಿ ಎರಡು ಮೂರು ಬಿಪಿಎಂ (ನಿಮಿಷಕ್ಕೆ ಬೀಳುವ ಬೀಟ್‌ಗಳ ಎಣಿಕೆ) ಇಳಿಸಿ. ಮೊದಲೇ ಹಾಡಿಕೊಂಡು ಆ ಇಳಿತ ಗುರುತಿಸಿಟ್ಟರೆ ಸುಲಭ. ಕ್ಲಿಕ್ ಹೊರಗೆ ಸೋರದಂತೆ ಹೆಡ್‌ಫೋನ್ ಮುಚ್ಚಿದ ಬಗೆಯದೇ ಇರಲಿ. ಕೊನೆಯ ಸ್ವರ ಶುರುವಾದ ಕೂಡಲೇ ಕ್ಲಿಕ್ ನಿಲ್ಲುವಂತೆ ಮಾಡಿ, ಇಲ್ಲವಾದರೆ ಕರಗುತ್ತಿರುವ ನಾದದೊಳಗೆ ಟಿಕ್ ಟಿಕ್ ಸೇರಿಕೊಳ್ಳುತ್ತದೆ. ಮಿಕ್ಸಿಂಗ್‌ನಲ್ಲಿ ಅದನ್ನು ತೆಗೆಯಲು ಹೋದರೆ ನಾದವೂ ಜೊತೆಗೇ ಹೋಗುತ್ತದೆ.